ಎರಡು ಲೆಕ್ಕ, ಒಂದೇ ಜೇಬು: 1894ರ ಪುಲ್‌ಮನ್ ಮುಷ್ಕರ

1893-94ರ ಚಳಿಗಾಲ. ಶಿಕಾಗೋದ ದಕ್ಷಿಣಕ್ಕೆ ಪುಲ್‌ಮನ್ ಅಂತ ಒಂದು ಊರು. ರೈಲು ಬೋಗಿ ಕಟ್ಟುವ ಕಂಪನಿಯೊಂದರ ಊರು. ಅಲ್ಲಿ ಸಂಬಳದ ದಿನ ಕಾರ್ಮಿಕರ ಕೈಗೆ ಎರಡು ಚೆಕ್ ಬರುತ್ತಿದ್ದವು. ಒಂದು ಮನೆ ಬಾಡಿಗೆಯಷ್ಟು ಮೊತ್ತಕ್ಕೆ, ಇನ್ನೊಂದು ಮಿಕ್ಕಿದ್ದಕ್ಕೆ. ಸಂಬಳದಿಂದ ನೇರವಾಗಿ ಬಾಡಿಗೆ ಮುರಿದುಕೊಳ್ಳಲು ಕಾನೂನಿನ ತೊಡಕು ಬಂದಿತ್ತು. ಅದಕ್ಕೇ ಈ ಉಪಾಯ. ಬಾಡಿಗೆ ಚೆಕ್ಕಿನ ಬೆನ್ನಿಗೆ ಸಹಿ ಹಾಕಿ ವಾಪಸ್ ಕೊಟ್ಟರೆ ಮುಗಿಯಿತು. ಸಂಬಳ ಕೊಡುವುದು ಕಂಪನಿ, ಮನೆ ಕಂಪನಿಯದು, ಬ್ಯಾಂಕೂ ಕಂಪನಿಯದೇ.

ಆ ಊರಲ್ಲಿದ್ದ ಮೆಥಡಿಸ್ಟ್ ಪಾದ್ರಿ ವಿಲಿಯಂ ಕಾರ್ವರ್ಡೀನ್ ಇಂಥ ಚೆಕ್ಕುಗಳನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾರೆ. ಒಬ್ಬ ಕಾರ್ಮಿಕನಿಗೆ ಬಾಡಿಗೆ ಕಳೆದು ಕೈಗೆ ಬಂದದ್ದು 2 ಸೆಂಟ್. ಅವನು ಆ ಚೆಕ್ಕನ್ನು ನಗದು ಮಾಡಿಸಲಿಲ್ಲ. ಫ್ರೇಮ್ ಹಾಕಿಸಿ ಇಟ್ಟುಕೊಂಡ.

ಕೆಲವೇ ತಿಂಗಳಲ್ಲಿ ಈ ಊರಿನ ಜಗಳ ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳ ರೈಲು ನಿಲ್ಲಿಸಿತು. ಶಿಕಾಗೋ ಬೀದಿಗೆ ಸೈನ್ಯ ಬಂತು. ಒಬ್ಬ ಕಾರ್ಮಿಕ ನಾಯಕ ಜೈಲಿಗೆ ಹೋದ. ಸುಪ್ರೀಂ ಕೋರ್ಟಿನ ತೀರ್ಪೊಂದು ಕಾರ್ಮಿಕ ಸಂಘಗಳ ತಲೆ ಮೇಲೆ ದಶಕಗಳ ಕಾಲ ತೂಗಾಡಿತು. ರೈಲು, ದೊಡ್ಡ ಬಂಡವಾಳ, ಆರ್ಥಿಕ ಕುಸಿತ, ಸಂಘ, ಕೋರ್ಟು, ಜನಾಂಗಭೇದ ಹೀಗೆ 19ನೇ ಶತಮಾನದ ಕೊನೆಯ ಅಮೆರಿಕವನ್ನು ಕಾಡಿದ ಬಹುಪಾಲು ವಿಷಯಗಳು ಈ ಒಂದೇ ಪ್ರಕರಣದಲ್ಲಿ ಸಿಗುತ್ತವೆ. ಆದರೆ ಎಲ್ಲದರ ಬುಡದಲ್ಲಿ ಇರುವುದು ಆ ಎರಡು ಚೆಕ್ಕುಗಳೇ ಅಂತ ನನಗೆ ಅನ್ನಿಸುತ್ತದೆ. ಕಂಪನಿ ತಾನು ಧಣಿ ಬೇರೆ, ಮನೆ ಮಾಲೀಕ ಬೇರೆ ಅಂತ ಎರಡು ಲೆಕ್ಕ ಇಟ್ಟಿತು. ಕಾರ್ಮಿಕನಿಗೆ ಇದ್ದದ್ದು ಮಾತ್ರ ಒಂದೇ ಜೇಬು.

ಊರು ಹುಟ್ಟಿದ ಬಗೆ

ಜಾರ್ಜ್ ಪುಲ್‌ಮನ್ ಹುಟ್ಟಿದ್ದು 1831ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. 1850ರ ದಶಕದಲ್ಲಿ ಶಿಕಾಗೋಗೆ ಬಂದಾಗ ಅವನ ಕಸುಬು ಕಟ್ಟಡಗಳನ್ನು ಮೇಲೆತ್ತುವುದು. ಶಿಕಾಗೋ ಆಗ ಕೆಸರಿನ ಊರು. ಚರಂಡಿ ಹಾಕಲು ರಸ್ತೆಗಳನ್ನು ಎತ್ತರಿಸಿದ್ದರು. ಹಳೆಯ ಕಟ್ಟಡಗಳು ತಗ್ಗಿನಲ್ಲಿ ಉಳಿದವು. ಅವುಗಳ ಅಡಿಗೆ ಸಾಲಾಗಿ ಸ್ಕ್ರೂ ಜ್ಯಾಕ್ ಕೊಟ್ಟು, ಜನ ಒಟ್ಟಿಗೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಇಡೀ ಕಟ್ಟಡವನ್ನೇ ಮೇಲೆತ್ತುತ್ತಿದ್ದರು. ಎಲ್ಲವೂ ಒಬ್ಬನ ಲೆಕ್ಕಾಚಾರದಂತೆ, ಒಬ್ಬನ ಸನ್ನೆಯಂತೆ ನಡೆಯಬೇಕಾದ ಕೆಲಸ ಅದು. ಮುಂದೆ ಊರು ಕಟ್ಟಿದಾಗಲೂ ಅವನ ಬುದ್ಧಿ ಹಾಗೇ ಓಡಿತು.

ಅವನು ಹಣ ಮಾಡಿದ್ದು ಮಲಗುವ ಬೋಗಿಗಳಿಂದ. 1867ರಲ್ಲಿ ಪುಲ್‌ಮನ್ ಪ್ಯಾಲೇಸ್ ಕಾರ್ ಕಂಪನಿ ಶುರುವಾಯಿತು. ಕಂಪನಿ ತನ್ನ ಐಷಾರಾಮಿ ಬೋಗಿಗಳನ್ನು ರೈಲ್ವೆಗಳಿಗೆ ಮಾರುತ್ತಿರಲಿಲ್ಲ. ಒಪ್ಪಂದ ಮಾಡಿಕೊಂಡು, ತನ್ನದೇ ಸಿಬ್ಬಂದಿ ಇಟ್ಟು, ದೇಶದ ಬಹುತೇಕ ದೊಡ್ಡ ಮಾರ್ಗಗಳಲ್ಲಿ ತಾನೇ ಓಡಿಸುತ್ತಿತ್ತು. ಹಾಗಾಗಿ ಕಂಪನಿಗೆ ಎರಡು ಆದಾಯ. ಬೋಗಿ ಓಡಿಸುವುದರಿಂದ ಬರುವುದು ಒಂದು, ಬೇರೆ ರೈಲ್ವೆಗಳಿಗೆ ಬೋಗಿ ಕಟ್ಟಿಕೊಡುವುದರಿಂದ ಬರುವುದು ಇನ್ನೊಂದು. ಈ ವಿವರ ನೆನಪಿಡಿ, ಮುಂದೆ ಬೇಕಾಗುತ್ತದೆ.

1880ರಲ್ಲಿ ಕ್ಯಾಲುಮೆಟ್ ಸರೋವರದ ಹತ್ತಿರ ಸುಮಾರು 4,000 ಎಕರೆ ಜಾಗದಲ್ಲಿ ಕಾರ್ಖಾನೆ, ಅದರ ಪಕ್ಕದಲ್ಲೇ ಊರು ಕಟ್ಟುವ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಸೋಲನ್ ಬೀಮನ್. 1881ರ ಜನವರಿ 1ರಂದು ಮೊದಲ ಕುಟುಂಬ ಬಂದು ನೆಲೆಸಿತು. ಇಟ್ಟಿಗೆ ಮನೆಗಳು, ಮನೆಯೊಳಗೆ ನೀರು, ಗ್ಯಾಸ್ ದೀಪ. ಒಂದೇ ಸೂರಿನಡಿ ಅಂಗಡಿ, ಬ್ಯಾಂಕು, ಲೈಬ್ರರಿ, ನಾಟಕಶಾಲೆ ಇದ್ದ ಆರ್ಕೇಡ್ ಕಟ್ಟಡ. ಮಗಳ ಹೆಸರಿಟ್ಟ ಹೋಟೆಲ್ ಫ್ಲಾರೆನ್ಸ್. ಊರಿನ ಕೊಳಚೆಯನ್ನೂ ಸುಮ್ನೆ ಬಿಡಲಿಲ್ಲ. ಪಂಪ್ ಮಾಡಿ ಕಂಪನಿಯ ತೋಟಕ್ಕೆ ಗೊಬ್ಬರವಾಗಿ ಕಳಿಸಿದರು.

ಆ ಕಾಲದ ಶಿಕಾಗೋದ ಕಾರ್ಮಿಕರ ಕೇರಿಗಳ ಜೊತೆ ಹೋಲಿಸಿದರೆ ಇದು ನಿಜಕ್ಕೂ ಚೆಂದದ ಊರು. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ಪ್ರಕರಣ ಅರ್ಥವಾಗುವುದಿಲ್ಲ. 1884ರಲ್ಲಿ ಬೇರೆ ಬೇರೆ ರಾಜ್ಯಗಳ ಕಾರ್ಮಿಕ ಅಂಕಿಅಂಶ ಇಲಾಖೆಗಳ ಮುಖ್ಯಸ್ಥರು ಬಂದು ನೋಡಿ ಹೊಗಳಿ ಹೋದರು. ಅವರಲ್ಲಿ ಮ್ಯಾಸಚೂಸೆಟ್ಸ್‌ನ ಕ್ಯಾರಲ್ ರೈಟ್ ಕೂಡ ಇದ್ದರು. ಹತ್ತು ವರ್ಷದ ನಂತರ ಇದೇ ರೈಟ್ ಮತ್ತೆ ಈ ಕಥೆಗೆ ಬರುತ್ತಾರೆ.

ಆದರೆ ಪುಲ್‌ಮನ್ ಇದನ್ನು ದಾನಧರ್ಮಕ್ಕೆ ಕಟ್ಟಲಿಲ್ಲ. ಹಾಗಂತ ಅವನು ಹೇಳಿಕೊಳ್ಳಲೂ ಇಲ್ಲ. ಊರಿಗೆ ಹಾಕಿದ ಬಂಡವಾಳ ವರ್ಷಕ್ಕೆ 6 ಪರ್ಸೆಂಟ್ ಲಾಭ ತರಬೇಕು ಅನ್ನೋದು ಲೆಕ್ಕ. ಒಳ್ಳೆ ಮನೆ ಕೊಟ್ಟರೆ ಒಳ್ಳೆ ಕೆಲಸಗಾರ ಸಿಗುತ್ತಾನೆ, ಕುಡಿತ ಇರುವುದಿಲ್ಲ, ಮುಷ್ಕರ ಇರುವುದಿಲ್ಲ. ಹೀಗೆ ಎರಡು ಕಡೆಯಿಂದ ಲಾಭ. ಲೈಬ್ರರಿಗೆ ತಾನೇ 5,000 ಪುಸ್ತಕ ಕೊಟ್ಟ. ಆದರೆ ಓದಬೇಕಾದರೆ ವರ್ಷಕ್ಕೆ 3 ಡಾಲರ್ ಚಂದಾ ಕಟ್ಟಬೇಕು. ಹಸಿರು ಕಲ್ಲಿನ ಚೆಂದದ ಚರ್ಚ್ ಕಟ್ಟಿಸಿದ. ಅದಕ್ಕೂ ಬಾಡಿಗೆ ಇಟ್ಟ. ಅಷ್ಟು ಬಾಡಿಗೆ ಕೊಡಲು ಯಾವ ಸಭೆಯೂ ಮುಂದೆ ಬಾರದೆ ಅದು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಊರಲ್ಲಿ ಮದ್ಯದಂಗಡಿ ಇಲ್ಲ. ಬಾರ್ ಇದ್ದದ್ದು ಹೋಟೆಲ್ ಫ್ಲಾರೆನ್ಸ್ ಒಂದರಲ್ಲೇ, ಅದೂ ಅತಿಥಿಗಳಿಗೆ.

ಮನೆ ಕೊಳ್ಳುವ ಅವಕಾಶ ಯಾರಿಗೂ ಇರಲಿಲ್ಲ. ಎಲ್ಲರೂ ಬಾಡಿಗೆದಾರರೇ. 10 ದಿನದ ನೋಟಿಸ್ ಕೊಟ್ಟು ಖಾಲಿ ಮಾಡಿಸಬಹುದಿತ್ತು. 1885ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ ಊರು ನೋಡಿ ಬರೆದ ಲೇಖನದಲ್ಲಿ ಇದನ್ನು ಒಳ್ಳೆಯದನ್ನೇ ಬಯಸುವ ಊಳಿಗಮಾನ್ಯ ಅಂತ ಕರೆದರು. ಜನ ಸುಖವಾಗಿರಲಿ, ಆದರೆ ಮೇಲಿನವರಿಗೆ ಇಷ್ಟವಾದ ರೀತಿಯಲ್ಲಿ ಮಾತ್ರ ಇರಲಿ ಅನ್ನುವ ಆಡಳಿತ. ಊರಿನವರು ಇದನ್ನೇ ಒರಟಾಗಿ ಹೇಳುತ್ತಿದ್ದರಂತೆ: ಪುಲ್‌ಮನ್ ಮನೆಯಲ್ಲಿ ಹುಟ್ಟುತ್ತೇವೆ, ಪುಲ್‌ಮನ್ ಅಂಗಡಿಯಲ್ಲಿ ತಿನ್ನುತ್ತೇವೆ, ಪುಲ್‌ಮನ್ ಶಾಲೆಯಲ್ಲಿ ಕಲಿಯುತ್ತೇವೆ, ಸತ್ತರೆ ಪುಲ್‌ಮನ್ ನರಕಕ್ಕೇ ಹೋಗುತ್ತೇವೆ.

ಸಂಬಳ ಇಳಿಯಿತು, ಬಾಡಿಗೆ ಇಳಿಯಲಿಲ್ಲ

1893ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್ವೆ ದಿವಾಳಿಯಾಯಿತು. ಅದರ ಹಿಂದೆಯೇ ಬ್ಯಾಂಕುಗಳು ಒಂದೊಂದಾಗಿ ಮುಚ್ಚಿದವು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 500 ಬ್ಯಾಂಕು, ಸುಮಾರು 15,000 ವ್ಯವಹಾರಗಳು ನೆಲಕಚ್ಚಿದ್ದವು. ರೈಲ್ವೆಗಳೇ ಮುಳುಗುತ್ತಿರುವಾಗ ಹೊಸ ಬೋಗಿ ಯಾರಿಗೆ ಬೇಕು? ಶಿಕಾಗೋದಲ್ಲಿ ಆ ವರ್ಷ ವಿಶ್ವಮೇಳ ನಡೆಯಿತು. ಮೇಳದ ಜನಸಂದಣಿಯಿಂದ ಮಲಗುವ ಬೋಗಿಗಳಿಗೆ ಒಳ್ಳೆ ವ್ಯಾಪಾರವೂ ಆಯಿತು. ಮೇಳ ಮುಗಿದ ಮೇಲೆ ಅದೂ ಇಳಿಯಿತು.

ಪುಲ್‌ಮನ್ ಮೊದಲು ನೂರಾರು ಜನರನ್ನು ಕೆಲಸದಿಂದ ತೆಗೆದ. ಆಮೇಲೆ ಕಾರ್ಖಾನೆ ಪೂರ್ತಿ ನಿಲ್ಲಬಾರದು ಅಂತ ನಷ್ಟದ ಬೆಲೆಗೂ ಬೋಗಿ ಕಟ್ಟುವ ಗುತ್ತಿಗೆ ಹಿಡಿದ. ಇದರಿಂದ ಕಂಪನಿಗೆ ಸುಮಾರು 50,000 ಡಾಲರ್ ನಷ್ಟವಾಯಿತು. ಈ ನಷ್ಟದಲ್ಲಿ ಕೆಲಸಗಾರರೂ ಪಾಲು ಹೊರಬೇಕು ಅನ್ನುವುದು ಅವನ ವಾದ. ಸಂಬಳ ಸರಾಸರಿ 25 ಪರ್ಸೆಂಟ್ ಕಡಿಮೆಯಾಯಿತು. ಕೆಲವು ವಿಭಾಗಗಳಲ್ಲಿ ಇನ್ನೂ ಜಾಸ್ತಿ. ಮ್ಯಾನೇಜರು, ಸೂಪರಿಂಟೆಂಡೆಂಟುಗಳ ಸಂಬಳ ಮುಟ್ಟಲಿಲ್ಲ. ಅವರ ಸಂಬಳ ಕಡಿದರೆ ಕೆಲಸ ಬಿಟ್ಟು ಹೋಗುತ್ತಾರೆ ಅನ್ನೋದು ಕಂಪನಿಯ ಭಯ.

ಬಾಡಿಗೆ? ಒಂದು ಸೆಂಟೂ ಇಳಿಯಲಿಲ್ಲ. ಮೊದಲಿಂದಲೂ ಸುತ್ತಲಿನ ಊರುಗಳಿಗಿಂತ ಇಲ್ಲಿ ಬಾಡಿಗೆ 20ರಿಂದ 25 ಪರ್ಸೆಂಟ್ ಹೆಚ್ಚು ಅಂತ ಮುಂದೆ ತನಿಖಾ ಆಯೋಗ ಲೆಕ್ಕ ಹಾಕಿತು. ಪಕ್ಕದ ಹೈಡ್ ಪಾರ್ಕ್‌ನಲ್ಲಿ ಸಾವಿರ ಘನ ಅಡಿಗೆ 75 ಸೆಂಟ್ ಇದ್ದ ಗ್ಯಾಸ್ ಇಲ್ಲಿ 2.25 ಡಾಲರ್ ಅಂತ ಕಾರ್ಮಿಕರು ದೂರಿದರು.

ಈಗ ಕಂಪನಿಯ ಪುಸ್ತಕ ನೋಡೋಣ. 1893ರ ಜುಲೈಗೆ ಮುಗಿದ ವರ್ಷದಲ್ಲಿ ಒಟ್ಟು ಸಂಬಳ 72.2 ಲಕ್ಷ ಡಾಲರ್, ಷೇರುದಾರರಿಗೆ ಹಂಚಿದ ಲಾಭದ ಪಾಲು, ಅಂದರೆ ಡಿವಿಡೆಂಡ್, 25.2 ಲಕ್ಷ. 1894ರ ಜುಲೈಗೆ ಮುಗಿದ ವರ್ಷದಲ್ಲಿ ಸಂಬಳ 44.7 ಲಕ್ಷ, ಡಿವಿಡೆಂಡ್ 28.8 ಲಕ್ಷ. ಸಂಬಳದ ಬಾಬ್ತು ಇಷ್ಟು ಇಳಿಯಲು ಕೆಲಸಗಾರರ ಸಂಖ್ಯೆ ಕಡಿಮೆಯಾದದ್ದು, ಕೊನೆಯ ತಿಂಗಳುಗಳಲ್ಲಿ ಮುಷ್ಕರವೇ ನಡೆದದ್ದೂ ಕಾರಣ. ಅದನ್ನು ಮರೆಮಾಚಬಾರದು. ಆದರೂ ಡಿವಿಡೆಂಡ್ ಏರಿತು ಅನ್ನೋದು ಏರಿತು ತಾನೇ. ಬೋಗಿ ಕಟ್ಟುವ ವಿಭಾಗ ನಷ್ಟದಲ್ಲಿತ್ತು, ಬೋಗಿ ಓಡಿಸುವ ವಿಭಾಗ ಲಾಭದಲ್ಲಿತ್ತು. ನಷ್ಟದ ಮಾತು ಬಂದಾಗ ಪುಲ್‌ಮನ್ ಎರಡನ್ನೂ ಬೇರೆ ಬೇರೆ ತೂಗಿದ. ಡಿವಿಡೆಂಡ್ ಹಂಚುವಾಗ ಒಟ್ಟಿಗೆ ಸೇರಿಸಿದ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಬಾಡಿಗೆ ಬಾಕಿ ಉಳಿಸಿಕೊಂಡವರನ್ನು ಕಂಪನಿ ಬೀದಿಗೆ ತಳ್ಳಲಿಲ್ಲ. ಮುಷ್ಕರದ ಹೊತ್ತಿಗೆ ಬಾಕಿ ಸುಮಾರು 70,000 ಡಾಲರ್ ಮುಟ್ಟಿತ್ತು. ಕಟುಕ ಮಾಲೀಕನಾಗಿದ್ದರೆ ಇಷ್ಟು ಬಿಡುತ್ತಿರಲಿಲ್ಲ. ಆದರೆ ಆ ಬಾಕಿ ಸಾಲವಾಗಿ ತಲೆ ಮೇಲೆ ಕೂತಿತ್ತು, ಕೆಲವೊಮ್ಮೆ ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟುತ್ತಿತ್ತು. ಜೆನ್ನಿ ಕರ್ಟಿಸ್ ಅನ್ನುವ ಯುವತಿ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಅಪ್ಪನೂ ಅಲ್ಲೇ ದುಡಿದವನು. ಅವನು ತೀರಿಕೊಂಡಾಗ 60 ಡಾಲರ್ ಬಾಡಿಗೆ ಬಾಕಿ ಇತ್ತು. ಅದನ್ನು ಮಗಳ ಸಂಬಳದಿಂದ ವಸೂಲಿ ಮಾಡಲು ಹೊರಟರು. ಅಪ್ಪನ ಸಾಲ, ಮಗಳ ಸೂಜಿ. ಈ ಜೆನ್ನಿಯೇ ಮುಂದೆ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷೆಯಾದಳು.

ಮೇ ತಿಂಗಳ ಐದು ದಿನ

1894ರ ಮೇ 7ರಂದು ಕಾರ್ಮಿಕರ ಸಮಿತಿ ಕಂಪನಿಯ ಉಪಾಧ್ಯಕ್ಷ ಥಾಮಸ್ ವಿಕ್ಸ್‌ನನ್ನು ಕಂಡಿತು. ಹಳೆ ಸಂಬಳ ಕೊಡಿ, ಇಲ್ಲ ಬಾಡಿಗೆಯನ್ನಾದರೂ ಇಳಿಸಿ ಅಂತ ಕೇಳಿದರು. ಎರಡು ದಿನ ಬಿಟ್ಟು ಮತ್ತೆ ಮಾತುಕತೆ. ಈ ಸಲ ಪುಲ್‌ಮನ್ ಖುದ್ದಾಗಿ ಬಂದು ನಷ್ಟದ ಲೆಕ್ಕ ವಿವರಿಸಿದ. ಬಾಡಿಗೆ ವಿಷಯಕ್ಕೂ ಸಂಬಳಕ್ಕೂ ಸಂಬಂಧವೇ ಇಲ್ಲ ಅಂದ. ಕಾರ್ಖಾನೆಯ ಬೇರೆ ದೂರುಗಳನ್ನು ವಿಚಾರಿಸುತ್ತೇವೆ, ಸಮಿತಿಯವರ ಮೇಲೆ ಯಾವ ಹಗೆಯನ್ನೂ ಸಾಧಿಸುವುದಿಲ್ಲ ಅಂತ ಕಂಪನಿ ಮಾತು ಕೊಟ್ಟಿತು.

ಮರುದಿನ ಸಮಿತಿಯ ಮೂವರಿಗೆ ಕೆಲಸ ಹೋಯಿತು. ಕೆಲಸ ಇರಲಿಲ್ಲ, ಅದಕ್ಕೇ ಕಳಿಸಿದೆವು ಅಂದಿತು ಕಂಪನಿ. ಯಾರು ನಂಬುತ್ತಾರೆ? ಮೇ 11ರಂದು ಮುಷ್ಕರ ಶುರು.

ಕಂಪನಿ ಗೇಟಿಗೆ ಬೀಗ ಹಾಕಿ ಸುಮ್ನೆ ಕೂತಿತು. ಅದಕ್ಕೇನೂ ಅವಸರ ಇರಲಿಲ್ಲ. ನಷ್ಟದ ಗುತ್ತಿಗೆ ಕೆಲಸ ನಿಂತರೆ ನಷ್ಟವೂ ನಿಂತಿತು, ಅಲ್ವಾ? ಬೋಗಿಗಳು ದೇಶದ ತುಂಬಾ ಓಡುತ್ತಲೇ ಇದ್ದವು, ದುಡ್ಡು ಬರುತ್ತಲೇ ಇತ್ತು. ಬರೀ ಪುಲ್‌ಮನ್ ಊರಿನೊಳಗೆ ನಡೆದ ಮುಷ್ಕರ ಗೆಲ್ಲುವ ದಾರಿಯೇ ಇರಲಿಲ್ಲ. ಆ ಓಡುವ ಬೋಗಿಗಳನ್ನು ನಿಲ್ಲಿಸಬೇಕಿತ್ತು.

ಡೆಬ್ಸ್ ಮತ್ತು ಅವನ ಹೊಸ ಸಂಘ

ಅದುವರೆಗೆ ರೈಲ್ವೆ ಕಾರ್ಮಿಕರಿಗೆ ಕಸುಬಿಗೊಂದು ಸಂಘ ಇತ್ತು. ಎಂಜಿನ್ ಡ್ರೈವರುಗಳದ್ದು ಒಂದು, ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬುವ ಫೈರ್‌ಮನ್‌ಗಳದ್ದು ಒಂದು, ಕಂಡಕ್ಟರುಗಳದ್ದು ಇನ್ನೊಂದು. ಒಬ್ಬರು ಮುಷ್ಕರ ಹೂಡಿದರೆ ಇನ್ನೊಬ್ಬರು ರೈಲು ಓಡಿಸುತ್ತಿದ್ದರು. ಫೈರ್‌ಮನ್‌ಗಳ ಸಂಘದಲ್ಲೇ ಬೆಳೆದ ಯೂಜೀನ್ ಡೆಬ್ಸ್ ಇದರಿಂದ ಬೇಸತ್ತು 1893ರ ಜೂನ್‌ನಲ್ಲಿ ಅಮೆರಿಕನ್ ರೈಲ್ವೇ ಯೂನಿಯನ್ ಕಟ್ಟಿದ. ಹಳಿ ರಿಪೇರಿಯವನಿಂದ ಡ್ರೈವರ್‌ವರೆಗೆ ಎಲ್ಲರೂ ಒಂದೇ ಸಂಘದಲ್ಲಿ. 1894ರ ವಸಂತದಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆ ಮೇಲೆ 18 ದಿನದ ಮುಷ್ಕರ ಹೂಡಿ ಗೆದ್ದಿತು. ಸದಸ್ಯರ ಸಂಖ್ಯೆ 1,50,000 ಮುಟ್ಟಿತು. ಒಂದು ವರ್ಷವೂ ತುಂಬದ ಸಂಘಕ್ಕೆ ಇದು ವರವೂ ಹೌದು, ಅಪಾಯವೂ ಹೌದು. ಗೆದ್ದ ಅಮಲು ಇತ್ತು, ಕೂಡಿಟ್ಟ ಹಣ ಇರಲಿಲ್ಲ.

ಜೂನ್‌ನಲ್ಲಿ ಶಿಕಾಗೋದಲ್ಲಿ ಸಂಘದ ಸಮ್ಮೇಳನ ನಡೆಯಿತು. ಜೆನ್ನಿ ಕರ್ಟಿಸ್ ಬಂದು ಮಾತಾಡಿದಳು. ಡೆಬ್ಸ್ ಎಚ್ಚರಿಕೆಯ ಮನುಷ್ಯ. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳು ಸಾಲುಗಟ್ಟಿ ನಿಂತಿರುವಾಗ ದೊಡ್ಡ ಹೋರಾಟ ಬೇಡ ಅನ್ನೋದು ಅವನ ಮನಸ್ಸಿನಲ್ಲಿತ್ತು. ಪಂಚಾಯಿತಿಗೆ ಬನ್ನಿ ಅಂತ ಕಂಪನಿಗೆ ಹೇಳಿಕಳಿಸಿದರು. ಪಂಚಾಯಿತಿ ಮಾಡಲು ಏನೂ ಇಲ್ಲ ಅನ್ನೋ ಉತ್ತರ ಬಂತು. ಸಮ್ಮೇಳನ ಕಾದದ್ದು ಸಾಕು ಅಂತ ತೀರ್ಮಾನಿಸಿತು. ಜೂನ್ 26ರಿಂದ ಸಂಘದ ಸದಸ್ಯರು ಪುಲ್‌ಮನ್ ಬೋಗಿ ಇರುವ ಯಾವ ರೈಲನ್ನೂ ಮುಟ್ಟುವುದಿಲ್ಲ.

ಅದೇ ಸಮ್ಮೇಳನದಲ್ಲಿ ಇನ್ನೊಂದು ಮತದಾನವೂ ಆಯಿತು. ಕರಿಯರನ್ನು ಸಂಘಕ್ಕೆ ಸೇರಿಸಿಕೊಳ್ಳಬೇಕೇ? ಡೆಬ್ಸ್ ಸೇರಿಸಿಕೊಳ್ಳಿ ಅಂತ ವಾದಿಸಿದ. 112 ಮತ ಬೇಡ ಅಂದವು, 100 ಮತ ಬೇಕು ಅಂದವು. ಪುಲ್‌ಮನ್ ಬೋಗಿಗಳ ಒಳಗೆ ಹಾಸಿಗೆ ಹಾಸಿ, ಬೂಟು ಒರೆಸಿ, ಪ್ರಯಾಣಿಕರ ಸೇವೆ ಮಾಡುತ್ತಿದ್ದ ಪೋರ್ಟರುಗಳು ಬಹುತೇಕ ಎಲ್ಲರೂ ಕರಿಯರೇ. ಪ್ರಯಾಣಿಕರು ಅವರ ಹೆಸರು ಕೇಳುವ ಗೋಜಿಗೆ ಹೋಗದೆ, ಧಣಿಯ ಹೆಸರಿನಿಂದ ‘ಜಾರ್ಜ್’ ಅಂತ ಕೂಗುತ್ತಿದ್ದರು. ಪುಲ್‌ಮನ್ ಬೋಗಿಗಳ ವಿರುದ್ಧ ಹೋರಾಟ, ಆದರೆ ಆ ಬೋಗಿಗಳಲ್ಲೇ ದುಡಿಯುವವರಿಗೆ ಸಂಘದ ಬಾಗಿಲು ಬಂದ್. ಈ ಹೋರಾಟದಲ್ಲಿ ಸಂಘ ಮಾಡಿದ ಅತಿ ದೊಡ್ಡ ತಪ್ಪು ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ನೀತಿಯ ಮಾತು ಬಿಡಿ, ಬರೀ ತಂತ್ರದ ದೃಷ್ಟಿಯಿಂದ ನೋಡಿದರೂ ದಡ್ಡತನ.

ಬಹಿಷ್ಕಾರ ನಡೆದದ್ದು ಹೀಗೆ. ಯಾರ್ಡಿನಲ್ಲಿ ಸ್ವಿಚ್‌ಮನ್ ಪುಲ್‌ಮನ್ ಬೋಗಿಯನ್ನು ರೈಲಿಗೆ ಜೋಡಿಸಲು ಒಪ್ಪುವುದಿಲ್ಲ. ರೈಲ್ವೆ ಅವನನ್ನು ಅಲ್ಲೇ ಕೆಲಸದಿಂದ ತೆಗೆಯುತ್ತದೆ. ಅವನ ಜೊತೆಯವರೆಲ್ಲ ಕೆಲಸ ಬಿಟ್ಟು ಇಳಿಯುತ್ತಾರೆ. ಹೀಗೆ ಒಂದೊಂದೇ ಮಾರ್ಗ ನಿಂತಿತು. ಕೆಲವೇ ದಿನದಲ್ಲಿ 29 ರೈಲ್ವೆಗಳ ಸುಮಾರು 1,25,000 ಜನ ಹೊರಗೆ ಬಂದಿದ್ದರು. ಶಿಕಾಗೋದಿಂದ ಪಶ್ಚಿಮಕ್ಕೆ ಹೋಗುವ ಸಂಚಾರ ಬಹುತೇಕ ಸ್ತಬ್ಧ.

ಇದರ ನಡುವೆ ಜೂನ್ 28ರಂದು ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಒಂದು ಕಾನೂನಿಗೆ ಸಹಿ ಹಾಕಿದರು. ಸೆಪ್ಟೆಂಬರ್‌ನ ಮೊದಲ ಸೋಮವಾರ ಕಾರ್ಮಿಕ ದಿನ, ರಾಷ್ಟ್ರೀಯ ರಜೆ. ಸಹಿ ಒಣಗಿ ಒಂದು ವಾರವಾಗುವಷ್ಟರಲ್ಲಿ ಅವರೇ ಸೈನ್ಯ ಕಳಿಸಿದರು.

ಯಾರ ಒಗ್ಗಟ್ಟು ಕಾನೂನುಬಾಹಿರ?

ಎದುರಿಗಿದ್ದದ್ದು ಈಗ ಪುಲ್‌ಮನ್ ಒಬ್ಬನೇ ಅಲ್ಲ. ಶಿಕಾಗೋಗೆ ಬಂದು ಸೇರುವ 24 ರೈಲ್ವೆಗಳು ಜನರಲ್ ಮ್ಯಾನೇಜರ್ಸ್ ಅಸೋಸಿಯೇಷನ್ ಅಂತ ಕೂಟ ಕಟ್ಟಿಕೊಂಡಿದ್ದವು. ಅವುಗಳ ಹಳಿಯ ಉದ್ದ ಸುಮಾರು 41,000 ಮೈಲಿ. ಸಂಬಳ ಎಷ್ಟು ಕೊಡಬೇಕು, ಮುಷ್ಕರ ಹೇಗೆ ಮುರಿಯಬೇಕು ಅನ್ನೋದನ್ನು ಇವರು ಕೂತು ಒಟ್ಟಿಗೆ ತೀರ್ಮಾನಿಸುತ್ತಿದ್ದರು. ಪುಲ್‌ಮನ್ ಮೇಲಿನ ಪ್ರೀತಿಗಿಂತ ಈ ಹೊಸ ಸಂಘ ಬೆಳೆಯುವ ಮುಂಚೆ ಹೊಸಕಿಹಾಕುವ ಆಸೆ ಜಾಸ್ತಿ ಇತ್ತು.

ಅವರು ಟಪಾಲು ಬೋಗಿ ಇರುವ ರೈಲುಗಳಿಗೇ ಪುಲ್‌ಮನ್ ಬೋಗಿ ಜೋಡಿಸಿದರು. ಪುಲ್‌ಮನ್ ಬೋಗಿ ಬಿಟ್ಟು ಟಪಾಲು ಒಯ್ಯಲು ಸಂಘದ ತಕರಾರು ಇರಲಿಲ್ಲ. ರೈಲ್ವೆಗಳು ಒಪ್ಪಲಿಲ್ಲ. ಈಗ ರೈಲು ನಿಂತರೆ ಟಪಾಲು ನಿಂತಂತೆ, ಟಪಾಲು ನಿಂತರೆ ಕೇಂದ್ರ ಸರ್ಕಾರಕ್ಕೆ ಕೈ ಹಾಕಲು ದಾರಿ.

ಆ ಕೈ ರಿಚರ್ಡ್ ಓಲ್ನಿಯದು. ಅಮೆರಿಕದ ಅಟಾರ್ನಿ ಜನರಲ್. ಅದಕ್ಕೆ ಮುಂಚೆ ರೈಲ್ವೆಗಳ ವಕೀಲ. ಮುಂಚೆ ಅನ್ನೋದೂ ಪೂರ್ತಿ ಸರಿಯಲ್ಲ. ಸರ್ಕಾರಿ ಸಂಬಳ 8,000 ಡಾಲರ್ ಪಡೆಯುವಾಗಲೇ ಒಂದು ರೈಲ್ವೆಯಿಂದ ಅದಕ್ಕಿಂತ ಹೆಚ್ಚು ಹಣ ಅವನಿಗೆ ಬರುತ್ತಿತ್ತು. ಶಿಕಾಗೋದಲ್ಲಿ ಸರ್ಕಾರದ ಪರ ವಾದಿಸಲು ಅವನು ನೇಮಿಸಿದ ಎಡ್ವಿನ್ ವಾಕರ್ ಕೂಡ ರೈಲ್ವೆ ವಕೀಲನೇ.

ಜುಲೈ 2ರಂದು ಇಬ್ಬರು ಫೆಡರಲ್, ಅಂದರೆ ಕೇಂದ್ರದ ಕೋರ್ಟಿನ, ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟರು. ರೈಲು ತಡೆಯಬಾರದು ಅನ್ನೋದಷ್ಟೇ ಅದರಲ್ಲಿ ಇರಲಿಲ್ಲ. ಕೆಲಸ ಬಿಡಿ ಅಂತ ಒಬ್ಬ ಕಾರ್ಮಿಕನನ್ನು ಮಾತಿನಿಂದ ಒಪ್ಪಿಸುವುದೂ ನಿಷಿದ್ಧ. ಡೆಬ್ಸ್ ಒಂದು ತಂತಿ ಕಳಿಸಿದರೂ ನ್ಯಾಯಾಂಗ ನಿಂದನೆ. ಬ್ಲೂ ಐಲೆಂಡ್ ಅನ್ನುವಲ್ಲಿ ಕೋರ್ಟಿನ ಆಜ್ಞೆ ಜಾರಿ ಮಾಡುವ ಫೆಡರಲ್ ಮಾರ್ಷಲ್ ನೆರೆದ ಜನರೆದುರು ಈ ಆಜ್ಞೆ ಓದಿದಾಗ ಅವರು ಹೋ ಅಂತ ಗೇಲಿ ಮಾಡಿದರು.

ಇದಕ್ಕೆ ಬಳಸಿದ ಕಾನೂನುಗಳಲ್ಲಿ 1890ರ ಶರ್ಮನ್ ಕಾಯ್ದೆಯೂ ಒಂದು. ಅದು ಬಂದದ್ದು ದೊಡ್ಡ ಕಂಪನಿಗಳ ಟ್ರಸ್ಟುಗಳನ್ನು, ಅಂದರೆ ಪೈಪೋಟಿ ಇಲ್ಲದಂತೆ ಕಟ್ಟಿಕೊಂಡ ಕೂಟಗಳನ್ನು, ಮುರಿಯಲು. 1895ರ ಜನವರಿಯಲ್ಲಿ ದೇಶದ ಸಕ್ಕರೆ ಶುದ್ಧೀಕರಣದ 90 ಪರ್ಸೆಂಟಿಗೂ ಹೆಚ್ಚು ಪಾಲು ಹಿಡಿದಿದ್ದ ಸಕ್ಕರೆ ಟ್ರಸ್ಟ್ ಸುಪ್ರೀಂ ಕೋರ್ಟಿನಲ್ಲಿ ಇದೇ ಕಾಯ್ದೆಯಿಂದ ತಪ್ಪಿಸಿಕೊಂಡಿತು. ಸಕ್ಕರೆ ತಯಾರಿಕೆ ವ್ಯಾಪಾರವೇ ಅಲ್ಲ ಅಂತ ತೀರ್ಪು. 24 ರೈಲ್ವೆಗಳ ಕೂಟಕ್ಕೂ ಏನೂ ಆಗಲಿಲ್ಲ. ಕಾರ್ಮಿಕರು ಒಂದಾದದ್ದು ಮಾತ್ರ ವ್ಯಾಪಾರಕ್ಕೆ ಅಡ್ಡಿಯಾದ ಒಳಸಂಚಾಯಿತು.

ಜುಲೈ 4ರಂದು, ಸ್ವಾತಂತ್ರ್ಯ ದಿನದಂದೇ, ಸೈನ್ಯ ಶಿಕಾಗೋಗೆ ಬಂತು. ಶಿಕಾಗೋ ಇರುವ ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಕರೆದಿರಲಿಲ್ಲ. ಬೇಕಾದರೆ ನನ್ನ ರಾಜ್ಯದ ಪಡೆ ಇದೆ, ಅದೇ ಸಾಕು ಅಂತ ಅವರು ಅಧ್ಯಕ್ಷರಿಗೆ ಖಾರವಾಗಿ ಬರೆದರು. ಇಬ್ಬರೂ ಡೆಮಾಕ್ರಟಿಕ್ ಪಕ್ಷದವರೇ. ಕ್ಲೀವ್‌ಲ್ಯಾಂಡ್ ಕೇಳಲಿಲ್ಲ.

ಅಲ್ಲಿವರೆಗೆ ಶಿಕಾಗೋದಲ್ಲಿ ದೊಡ್ಡ ಗಲಭೆ ಆಗಿರಲಿಲ್ಲ. ಸೈನ್ಯ ಬಂದ ಮೇಲೆ ಆಯಿತು. ಜುಲೈ 6ರಂದು ಯಾರ್ಡುಗಳಲ್ಲಿ ನೂರಾರು ಬೋಗಿಗಳು ಬೆಂಕಿಗೆ ಸಿಕ್ಕವು. ಮರುದಿನ ರಾಜ್ಯ ಪಡೆ ಗುಂಪಿನ ಮೇಲೆ ಗುಂಡು ಹಾರಿಸಿತು. ಸೈನಿಕರು, ರಾಜ್ಯ ಪಡೆ, ಪೊಲೀಸರು, ಮಾರ್ಷಲ್‌ಗಳು ಸೇರಿ ಶಿಕಾಗೋದಲ್ಲಿ 14,000ಕ್ಕೂ ಹೆಚ್ಚು ಜನ ಬಂದೂಕು ಹಿಡಿದಿದ್ದರು. ಸುಮಾರು 5,000 ಡೆಪ್ಯುಟಿ ಮಾರ್ಷಲ್‌ಗಳಲ್ಲಿ ಬಹುತೇಕರನ್ನು ಆರಿಸಿದ್ದು, ಅವರಿಗೆ ಆಯುಧ ಮತ್ತು ಸಂಬಳ ಕೊಟ್ಟದ್ದು ರೈಲ್ವೆಗಳೇ. ಅವರಲ್ಲಿ ಕಳ್ಳರು, ಪುಂಡರು, ಜೈಲಿಗೆ ಹೋಗಿ ಬಂದವರೂ ಇದ್ದರು ಅಂತ ಶಿಕಾಗೋ ಪೊಲೀಸ್ ಮುಖ್ಯಸ್ಥರೇ ವರದಿ ಕೊಟ್ಟರು. ಶಿಕಾಗೋ ಒಂದರಲ್ಲೇ ಗುಂಡೇಟಿಗೆ 12 ಜನ ಸತ್ತರು.

ಜುಲೈ 10ರಂದು ಡೆಬ್ಸ್ ಬಂಧನವಾಯಿತು. ಕಸುಬು ಸಂಘಗಳ ಒಕ್ಕೂಟವಾದ ಅಮೆರಿಕನ್ ಫೆಡರೇಷನ್ ಆಫ್ ಲೇಬರ್‌ನ ಸ್ಯಾಮ್ಯುಯೆಲ್ ಗಾಂಪರ್ಸ್ ಮತ್ತು ಜೊತೆಯವರು ಶಿಕಾಗೋದಲ್ಲಿ ಸೇರಿ, ಬೆಂಬಲಕ್ಕೆ ಸಾರ್ವತ್ರಿಕ ಮುಷ್ಕರ ಬೇಡ ಅಂತ ನಿರ್ಧರಿಸಿದರು. ಅಲ್ಲಿಗೆ ಉಸಿರು ನಿಂತಿತು. ಆಗಸ್ಟ್ ಮೊದಲ ವಾರದಲ್ಲಿ ಮುಷ್ಕರ ವಾಪಸ್ ಪಡೆದರು.

ಲೆಕ್ಕ ಪರಿಶೀಲನೆ

ಪುಲ್‌ಮನ್ ಕಾರ್ಖಾನೆ ಮತ್ತೆ ತೆರೆಯಿತು. ಸಂಘ ಸೇರುವುದಿಲ್ಲ ಅಂತ ಬರೆದುಕೊಟ್ಟವರಿಗೆ ಮಾತ್ರ ಕೆಲಸ. ಊರಲ್ಲಿ ಹಸಿವು. ಆಗಸ್ಟ್‌ನಲ್ಲಿ ಆಲ್ಟ್‌ಗೆಲ್ಡ್ ಖುದ್ದಾಗಿ ಮನೆ ಮನೆ ನೋಡಿದರು. ಸುಮಾರು 6,000 ಜನ ಊಟಕ್ಕಿಲ್ಲದೆ ಇದ್ದಾರೆ, ನೆರವಾಗಿ ಅಂತ ಪುಲ್‌ಮನ್‌ಗೆ ಬರೆದರು. ಅವನಿಂದ ನೆರವು ಬರಲಿಲ್ಲ. ಗವರ್ನರ್ ಕೊನೆಗೆ ಸಾರ್ವಜನಿಕರನ್ನು ಕೇಳಬೇಕಾಯಿತು.

ಕ್ಲೀವ್‌ಲ್ಯಾಂಡ್ ತನಿಖೆಗೆ ಮೂವರ ಆಯೋಗ ನೇಮಿಸಿದ್ದರು. ಅದರ ಅಧ್ಯಕ್ಷ ಬೇರೆ ಯಾರೂ ಅಲ್ಲ, 1884ರಲ್ಲಿ ಊರನ್ನು ಹೊಗಳಿದ್ದ ಕ್ಯಾರಲ್ ರೈಟ್. 109 ಸಾಕ್ಷಿಗಳನ್ನು ಕೇಳಿದರು. ಪುಲ್‌ಮನ್ ಕೂಡ ಬಂದು ಕೂತ. ಸಂಬಳ ಕಡಿತದ ಹೊತ್ತಿನಲ್ಲಿ ಲಾಭದ ಒಂದು ಪಾಲನ್ನು ಕಾರ್ಮಿಕರಿಗೆ ಬಿಡಬಹುದಿತ್ತಲ್ಲ ಅನ್ನೋ ಪ್ರಶ್ನೆಗೆ, ಅದು ಷೇರುದಾರರ ದುಡ್ಡನ್ನು ದಾನ ಮಾಡಿದಂತೆ ಆಗುತ್ತಿತ್ತು ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟ. ಅವನ ದೃಷ್ಟಿಯಲ್ಲಿ ಅದು ಕಳಂಕವಿಲ್ಲದ ಉತ್ತರ. ಬಾಡಿಗೆಯಿಂದ ಬರುತ್ತಿದ್ದ ಲಾಭ 4 ಪರ್ಸೆಂಟಿಗಿಂತ ಕಡಿಮೆಗೆ ಇಳಿದಿದೆ, ಗುರಿ ಇದ್ದದ್ದು 6, ನಾನೇ ನಷ್ಟದಲ್ಲಿದ್ದೇನೆ ಅಂತಲೂ ಕಂಪನಿ ತೋರಿಸಿತು. ಅಂಕಿಗಳು ಸುಳ್ಳಲ್ಲ. ಆದರೆ ತನ್ನ ಊರಿನಲ್ಲಿ ಸಂಬಳವನ್ನೂ ಬಾಡಿಗೆಯನ್ನೂ ಎರಡನ್ನೂ ತಾನೇ ನಿಗದಿ ಮಾಡುವವನು, ಸಂಬಳಕ್ಕೆ ಮಾರುಕಟ್ಟೆ ಬಿತ್ತು ಅನ್ನುತ್ತಾನೆ, ಬಾಡಿಗೆಗೆ ಮಾರುಕಟ್ಟೆಯ ಮಾತೇ ಎತ್ತುವುದಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಒಪ್ಪಲಾಗದ ಜಾಗ ಇದೇ.

1894ರ ನವೆಂಬರ್‌ನಲ್ಲಿ ವರದಿ ಬಂತು. ಊರಿನ ಸೌಂದರ್ಯ ನೋಡಲು ಬಂದವರಿಗೆ ಮೆಚ್ಚುಗೆ, ಅಲ್ಲಿರುವವರಿಗೆ ಅದರಿಂದ ದುಡ್ಡಿನ ಲಾಭ ಏನೂ ಇಲ್ಲ, ಹೊಟ್ಟೆಗಿಲ್ಲದಾಗ ಅಂತೂ ಇಲ್ಲವೇ ಇಲ್ಲ ಅನ್ನುವ ಅರ್ಥದ ಸಾಲು ಅದರಲ್ಲಿದೆ. ಹತ್ತು ವರ್ಷದಲ್ಲಿ ಊರು ಬದಲಾಗಿರಲಿಲ್ಲ. ಈ ಸಲ ರೈಟ್ ಕೇಳಿದ್ದು ಅಲ್ಲಿನ ಬಾಡಿಗೆದಾರರನ್ನು.

ಡೆಬ್ಸ್ ಮೇಲೆ ಎರಡು ಮೊಕದ್ದಮೆ ಇದ್ದವು. ಒಳಸಂಚಿನದ್ದು ಜ್ಯೂರಿ ಎದುರು. ವಕೀಲ ಕ್ಲಾರೆನ್ಸ್ ಡ್ಯಾರೋ, ಅಲ್ಲಿವರೆಗೆ ತಾನೇ ಒಂದು ರೈಲ್ವೆಯ ವಕೀಲನಾಗಿದ್ದವನು. ಪುಲ್‌ಮನ್‌ನನ್ನು ಸಾಕ್ಷಿಗೆ ಕರೆಸಲು ಹೊರಟರೆ ಆಸಾಮಿ ಊರಲ್ಲೇ ಇಲ್ಲ. ಒಬ್ಬ ಜ್ಯೂರಿ ಸದಸ್ಯ ಕಾಯಿಲೆ ಬಿದ್ದ, ವಿಚಾರಣೆ ನಿಂತಿತು, ಸರ್ಕಾರ ಮತ್ತೆ ಎತ್ತಲಿಲ್ಲ. ಇನ್ನೊಂದು ನ್ಯಾಯಾಂಗ ನಿಂದನೆ. ಅದಕ್ಕೆ ಜ್ಯೂರಿ ಬೇಕಿಲ್ಲ. ಆರು ತಿಂಗಳ ಜೈಲು. 1895ರ ಮೇ 27ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಮಾಲೀಕರಿಗೆ ಜ್ಯೂರಿಯ ಗೊಡವೆ ಇಲ್ಲದ ದಾರಿ ಸಿಕ್ಕಿತು. ನ್ಯಾಯಾಧೀಶರಿಂದ ತಡೆಯಾಜ್ಞೆ ತಂದರೆ ಸಾಕು. 1932ರಲ್ಲಿ ಇಂಥ ತಡೆಯಾಜ್ಞೆಗಳಿಗೆ ಕಡಿವಾಣ ಹಾಕಿದ ನಾರಿಸ್-ಲಾಗಾರ್ಡಿಯಾ ಕಾಯ್ದೆ ಬರುವವರೆಗೆ ಈ ಅಸ್ತ್ರ ಕೈಯಲ್ಲಿತ್ತು. ಡೆಬ್ಸ್ ಮುಂದೆ ಸಮಾಜವಾದಿಯಾಗಿ ಐದು ಸಲ ಅಧ್ಯಕ್ಷ ಪದವಿಗೆ ನಿಂತ. ಕೊನೆಯ ಸಲ, 1920ರಲ್ಲಿ, ಬೇರೊಂದು ಮೊಕದ್ದಮೆಯಲ್ಲಿ ಜೈಲಿನಲ್ಲಿದ್ದುಕೊಂಡೇ.

ಪುಲ್‌ಮನ್ 1897ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಸಿಟ್ಟಿಗೆದ್ದ ಕಾರ್ಮಿಕರು ಹೆಣ ಕಿತ್ತುಹಾಕಬಹುದು ಅನ್ನುವ ಹೆದರಿಕೆಗೆ ಶವಪೆಟ್ಟಿಗೆಯ ಮೇಲೆ ಕಾಂಕ್ರೀಟ್ ಸುರಿದು, ರೈಲು ಕಂಬಿ ಅಡ್ಡಡ್ಡ ಇಟ್ಟು ಹೂತರು. ಕಂಪನಿ ಅಬ್ರಹಾಂ ಲಿಂಕನ್‌ರ ಮಗ ರಾಬರ್ಟ್ ಲಿಂಕನ್ ಕೈಗೆ ಹೋಯಿತು. ಮರುವರ್ಷ ಇಲಿನಾಯ್ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಬೋಗಿ ಕಟ್ಟಲು ಸನ್ನದು ಪಡೆದ ಕಂಪನಿಗೆ ಊರಿನ ಒಡೆತನ ನಡೆಸುವ ಅಧಿಕಾರ ಇಲ್ಲ, ಕಾರ್ಖಾನೆಗೆ ಬೇಡವಾದ ಆಸ್ತಿ ಮಾರಬೇಕು. ಸುಮಾರು ಒಂದು ದಶಕದಲ್ಲಿ ಮನೆಗಳೆಲ್ಲ ಮಾರಾಟವಾದವು.

ಡೆಬ್ಸ್‌ನ ಸಂಘ ಹೊರಗಿಟ್ಟ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ತಮ್ಮದೇ ಸಂಘ ಕಟ್ಟಿದರು. ಹನ್ನೆರಡು ವರ್ಷ ಕಂಪನಿಯ ಜೊತೆ ಗುದ್ದಾಡಿದರು. 1937ರಲ್ಲಿ ಪುಲ್‌ಮನ್ ಕಂಪನಿ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಸಂಬಳ ಏರಿತು, ತಿಂಗಳಿಗೆ 400 ಗಂಟೆ ಇದ್ದ ದುಡಿಮೆ 240ಕ್ಕೆ ಇಳಿಯಿತು.